ಹರಣಿಯ ದಮ್ಮು

ಹಾಲಸಿದ್ದನ ವಿಷಯದಲ್ಲಿ ನಾನು ಸಾಚಾ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ, ಮತ್ತು ಎಲ್ಲರಿಗಿಂತ ಹೆಚ್ಚು ಗೊತ್ತಿದ್ದು ನಕ್ಕವನು.

ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಸೈಬರ್ ಕೆಫೆ ಇತ್ತು. ಆರು ಕಂಪ್ಯೂಟರ್, ಎರಡು ಫ್ಯಾನು. 2013ರ ಹೊತ್ತಿಗೆ ಎಲ್ಲರ ಫೋನಿನಲ್ಲೂ ಇಂಟರ್ನೆಟ್ ಬಂದು ಗಿರಾಕಿಗಳು ಕರಗುತ್ತಿದ್ದರು. ಉಳಿದವರೆಂದರೆ ಕಾಲೇಜಿಗೆ ಚಕ್ಕರ್ ಹೊಡೆದು ಆಟವಾಡಲು ಬರುವ ಹುಡುಗರು. ಅವರ ಮುಖಂಡ ಅಮಿತ, ಸದಲಗಾದ ಭಾವುಸಾಹೇಬರ ಮಗ. ಭಾವುಸಾಹೇಬರಿಗೆ ದೂಧಗಂಗೆಯ ದಂಡೆಯಲ್ಲಿ ಕಬ್ಬಿನ ಹೊಲವಿತ್ತು, ಕೋಟೆಯಂಥ ವಾಡೆಯ ಮನೆಯಿತ್ತು, ವಾಡೆಗೆ ಹೊಂದಿಕೊಂಡು ಶರ್ಯತ್ತಿನ ಓಟಕ್ಕೆ ಸಾಕಿದ ಕುದುರೆಗಳ ಲಾಯವಿತ್ತು. ಮಗ ಬಂದರೆ ಹಿಂದೆ ಐದಾರು ಜನ ಬರುತ್ತಿದ್ದರು, ಹಾಗಾಗಿ ನಾನು ಅವನಿಗೆ ಫ್ಯಾನಿನ ಕೆಳಗಿನ ಜಾಗ ಬಿಟ್ಟುಕೊಡುತ್ತಿದ್ದೆ.

ನಮ್ಮ ಕಡೆಯ ಶರ್ಯತ್ತಿನ ಬಗ್ಗೆ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಒಂದೇ ನೊಗಕ್ಕೆ ಒಂದು ಕಡೆ ಕುದುರೆ, ಇನ್ನೊಂದು ಕಡೆ ಎತ್ತು. ಹಿಂದೆ ಹಗುರವಾದ ಗಾಡಿ, ಅದರ ಮೇಲೆ ಒಬ್ಬನೇ ಮನುಷ್ಯ. ಕುದುರೆಯನ್ನು ಅದರ ಇಷ್ಟಕ್ಕೆ ಬಿಟ್ಟರೆ ಅರ್ಧ ದಾರಿಯಲ್ಲಿ ಎತ್ತಿನ ದಮ್ಮು ಮುಗಿದು ಜೋಡಿ ಕೆಡುತ್ತದೆ. ಕುದುರೆಯನ್ನು ಹಿಡಿದು ಹಿಡಿದು, ಎತ್ತಿನ ಉಸಿರಿಗೆ ಅದರ ಕಾಲು ಕೂಡಿಸಿ, ಕೊನೆಯ ಫರ್ಲಾಂಗಿನಲ್ಲಿ ಮಾತ್ರ ಬಿಡಬೇಕು. ಈ ವಿದ್ಯೆಯಲ್ಲಿ ಚಿಕ್ಕೋಡಿಯಿಂದ ಕಾಗವಾಡದವರೆಗೆ ಹಾಲಸಿದ್ದನನ್ನು ಮೀರಿಸುವವರು ಇರಲಿಲ್ಲ. ಇಪ್ಪತ್ತೆರಡು ವರ್ಷ ಅವನು ಭಾವುಸಾಹೇಬರ ಲಾಯದಲ್ಲೇ ಉಂಡು, ಲಾಯದಲ್ಲೇ ಮಲಗಿದವನು. ಹೆಂಡತಿ ಶೇವಂತಾಳನ್ನು ಮಾತಾಡಿಸಿದ್ದಕ್ಕಿಂತ ಹೆಚ್ಚು ಹರಣಿ ಎಂಬ ಕಂದು ಬಣ್ಣದ ಹೆಣ್ಣು ಕುದುರೆಯನ್ನು ಮಾತಾಡಿಸಿದ್ದ.

2007ರಲ್ಲಿ ಕೊಗನೊಳ್ಳಿಯ ಮಾಳದ ಮೇಲೆ ಶರ್ಯತ್ತಿತ್ತು. ಓಡುವ ಗಾಡಿಯ ಪಕ್ಕದಲ್ಲಿ ಮಾಲೀಕರ ಕಡೆಯವರು ಮೋಟಾರ್‌ಸೈಕಲ್ ಮೇಲೆ ಕೂಗುತ್ತ ಹೋಗುವುದು ರೂಢಿ. ಅವತ್ತು ಭಾವುಸಾಹೇಬರೇ ಹಿಂದಿನ ಸೀಟಿನಲ್ಲಿ ಕೂತಿದ್ದರು. ಗಾಡಿ ಮೂರನೆಯ ಸ್ಥಾನದಲ್ಲಿತ್ತು, ಹಾಲಸಿದ್ದ ಹಗ್ಗ ಬಿಗಿಹಿಡಿದಿದ್ದ. "ಬಿಡಲೇ, ಬಿಡಲೇ" ಎಂದು ಒದರಿ ಒದರಿ ತಾಳ್ಮೆ ಕೆಟ್ಟ ಭಾವುಸಾಹೇಬರು ಕೈಯಲ್ಲಿದ್ದ ಕೋಲಿನಿಂದ ಹರಣಿಯ ಬೆನ್ನಿಗೆ ಬಾರಿಸಿದರು. ಅದು ಜಿಗಿಯಿತು, ಎತ್ತು ಮುಗ್ಗರಿಸಿತು, ಗಾಡಿ ಮಗುಚಿತು. ಹರಣಿಯ ಮುಂಗಾಲು ಮುರಿಯಿತು, ಹಾಲಸಿದ್ದನ ಸೊಂಟದ ಎಲುಬು ಮುರಿಯಿತು. ಜೀಪಿಗೆ ಏರಿಸುವಾಗ ಅವನು ಕೇಳಿದ್ದು ಒಂದೇ ಮಾತು.

"ಹರಣಿ ಹೆಂಗೈತ್ರಿ?"

"ಗುಣ ಆಗತೈತಿ. ನೀ ಮೊದಲ ನಡಿ," ಎಂದರು ಭಾವುಸಾಹೇಬರು.

ಹರಣಿ ಮಾಳದ ದಾರಿಯ ಬದಿಯ ತಗ್ಗಿನಲ್ಲಿ ಮೂರು ದಿನ ಬಿದ್ದುಕೊಂಡು ಸತ್ತಿತು. ಒಂದು ಬಕೆಟ್ ನೀರು ಇಟ್ಟವರೂ ಇಲ್ಲ. ಹಾಲಸಿದ್ದನಿಗೆ ಅದು ಗೊತ್ತಾದದ್ದು ತಿಂಗಳ ಮೇಲೆ, ಅದೂ ಆಸ್ಪತ್ರೆಯಲ್ಲಿ ಪಕ್ಕದ ಮಂಚದವನ ಸಂಬಂಧಿಕರು ಹರಟುವಾಗ. ಅಷ್ಟರಲ್ಲಿ ಭಾವುಸಾಹೇಬರು ಊರ ತುಂಬ, ಸಿದ್ದನ ಕೈಯಿಂದ ಹಗ್ಗ ಜಾರಿತು, ಅವನಿಂದಲೇ ಕುದುರೆ ಹೋಯಿತು ಎಂದು ಹೇಳಿಯಾಗಿತ್ತು. ತಾನಾಗಿ ಕರೆಯುವವರೆಗೆ ವಾಡೆಯ ಕಡೆ ಕಾಲಿಡಬಾರದೆಂದು ಆಳಿನ ಕೈಯಲ್ಲಿ ಹೇಳಿ ಕಳಿಸಿದರು. ದೊಡ್ಡವರು ಮಾಡಿದ್ದು ದೊಡ್ಡದೇ. ಹಾಲಸಿದ್ದ ಎದುರಾಡಲಿಲ್ಲ. ಗಂಡ ಹೆಂಡತಿ ನಿಪ್ಪಾಣಿಗೆ ಬಂದರು. ಶೇವಂತಾ ತಂಬಾಕು ತುಂಬಿಡುವ ವಖಾರಿಯಲ್ಲಿ ಎಲೆ ಆರಿಸುವ ಕೆಲಸ ಹಿಡಿದಳು. ಅವನು ಒಂದು ಕಾಲು ಎಳೆಯುತ್ತ ಬಸ್‌ಸ್ಟ್ಯಾಂಡಿನಲ್ಲಿ ಕೂತು, ಸದಲಗಾದಿಂದ ಬರುವವರನ್ನು ಲಾಯದ ಸುದ್ದಿ ಕೇಳುತ್ತ ಆರು ವರ್ಷ ಕಳೆದ.

ಅಮಿತ ನನ್ನ ಕೆಫೆಗೆ ಬರುತ್ತಾನೆಂದು ತಿಳಿದು ಒಂದು ದಿನ ಒಳಗೆ ಬಂದ. ತಂದೆಗೆ ಒಂದು ಮಾತು ಹೇಳಿ ಮತ್ತೆ ಲಾಯಕ್ಕೆ ಸೇರಿಸಿಕೊಳ್ಳಿರೆಂದು ಕೇಳಲು ಬಂದಿದ್ದ. ಅಮಿತ ಆಗ ಹೊಸದೊಂದು ಆಟಕ್ಕೆ ಬಿದ್ದಿದ್ದ. ಅದರಲ್ಲಿ ಕುದುರೆ ಸಾಕಬೇಕು, ಮೇವು ಹಾಕಬೇಕು, ತಾಲೀಮು ಕೊಡಬೇಕು, ದೇಶವಿದೇಶದ ಆಟಗಾರರ ಕುದುರೆಗಳ ಜೊತೆ ಓಡಿಸಬೇಕು. ಅವನ ಕುದುರೆ ಸತತ ಸೋಲುತ್ತಿತ್ತು. ಹಾಲಸಿದ್ದ ಕೈ ಕಟ್ಟಿ ಹಿಂದೆ ನಿಂತವನು ಬಂದ ಕೆಲಸ ಮರೆತು ಪರದೆಯನ್ನೇ ನೋಡತೊಡಗಿದ.

"ಸಾಹೇಬ್ರ, ಕುದರಿ ದಣದೈತಿ. ಇವತ್ತ ಓಡಸಬ್ಯಾಡ್ರಿ."

ಹುಡುಗರು ಗೊಳ್ಳೆಂದರು. ಆದರೆ ಪರದೆಯ ಮೂಲೆಯಲ್ಲಿ ದಮ್ಮು ತೋರಿಸುವ ಹಸಿರು ಪಟ್ಟಿ ನಿಜಕ್ಕೂ ಕೆಂಪಗಾಗಿತ್ತು. ಇವನಿಗೆ ಆ ಪಟ್ಟಿ ಗೊತ್ತಿರಲಿಲ್ಲ, ಚಿತ್ರದ ಕುದುರೆ ತಲೆ ಇಳಿಬಿಡುವ ರೀತಿ ನೋಡಿ ಹೇಳಿದ್ದ. ಅಮಿತ ಕಣ್ಣು ಮಿಟುಕಿಸಿ ನನ್ನ ಕಡೆ ನೋಡಿದ.

"ಸಿದ್ಯಾ, ಹಂಗಾದ್ರ ನೀನ ತಯಾರ ಮಾಡು ಇದನ್ನ. ಆಗಸ್ಟದಾಗ ದೊಡ್ಡ ಕಪ್ ಐತಿ. ಗೆದ್ದಿ ಅಂದ್ರ ಅಪ್ಪಗ ಹೇಳಿ ನಿನ್ನ ಲಾಯಕ್ಕ ಕರಸ್ತೀನಿ. ಖರೇನ!"

"ನಿಮ್ಮ ಪಾದದಾಣಿ ಸಾಹೇಬ್ರ, ಮಾಡ್ತೀನಿ," ಎಂದ ಹಾಲಸಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಎಲ್ಲರ ಹಾಗೆ ನಕ್ಕೆ.

ಮರುದಿನದಿಂದ ಮುಂಜಾನೆ ಹನ್ನೊಂದಕ್ಕೆ ಸರಿಯಾಗಿ ಬರತೊಡಗಿದ. ಚಪ್ಪಲಿ ಹೊರಗೆ ಬಿಟ್ಟು, ಕೀಬೋರ್ಡನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕೂರುತ್ತಿದ್ದ. ಕುದುರೆಗೆ ಹರಣಿ ಎಂದು ಹೆಸರು ಹಾಕಿಸಿದ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ನಾನು ಓದಿ ಹೇಳುತ್ತಿದ್ದೆ. ಆಟದಲ್ಲಿ ತಾಲೀಮಿನ ಪಟ್ಟಿಯೇ ಇತ್ತು: ಜೋರು ಓಟ, ನಿಧಾನ ನಡಿಗೆ, ಈಜು, ವಿಶ್ರಾಂತಿ. ಅಮಿತ ದಿನವೂ ಜೋರು ಓಟ ಒತ್ತುತ್ತಿದ್ದ. ಹಾಲಸಿದ್ದ ಎರಡು ದಿನ ಓಟ, ಒಂದು ದಿನ ಈಜು, ಒಂದು ದಿನ ಸುಮ್ಮನೆ ನಿಲ್ಲಿಸುವುದು ಎಂದು ಕ್ರಮ ಹಾಕಿದ. ಓಟಕ್ಕೆ ಎರಡು ದಿನ ಮೊದಲು ಮೇವು ಕಡಿಮೆ ಮಾಡಿಸುತ್ತಿದ್ದ. ಅಮಾವಾಸ್ಯೆಯ ದಿನ ಕುದುರೆಯನ್ನು ಹೊರಗೇ ತೆಗೆಯಗೊಡುತ್ತಿರಲಿಲ್ಲ. ಅಮೆರಿಕದ ಕಂಪ್ಯೂಟರಿಗೆ ನಮ್ಮ ಅಮಾವಾಸ್ಯೆ ಎಲ್ಲಿ ಗೊತ್ತು ಎಂದರೆ, "ಕುದರೀಗೆ ಗೊತ್ತಿರತೈತ್ರಿ" ಎನ್ನುತ್ತಿದ್ದ.

ಓಡಿಸುವುದು ಸುಲಭವಿತ್ತು. ಎಡಗಡೆ ಬಾಣದ ಗುಂಡಿ ಒತ್ತಿದರೆ ಲಗಾಮು ಬಿಗಿ, ಬಲಗಡೆಯದು ಒತ್ತಿದರೆ ಸಡಿಲ, ಕೆಳಗಿನ ಉದ್ದ ಗುಂಡಿ ಚಾಟಿ. ಹಾಲಸಿದ್ದ ಚಾಟಿಯ ಗುಂಡಿ ಮುಟ್ಟಲೇ ಇಲ್ಲ. ಎಡಗಡೆಯ ಬಾಣದ ಮೇಲೆ ಬೆರಳಿಟ್ಟವನು ತೆಗೆಯುತ್ತಲೂ ಇರಲಿಲ್ಲ. ಮೊದಲ ನಾಲ್ಕು ಓಟದಲ್ಲಿ ಹರಣಿ ಕಟ್ಟಕಡೆಗೆ ಬಂತು.

"ಯಾಕ ಹಿಂಗ ಹಿಡದ ಕುಂದರ್ತೀಯೋ?" ಎಂದು ನಾನೇ ರೇಗಿ ಕೇಳಿದೆ.

"ಜೋಡೀಲಿರೂ ಎತ್ತಿಂದ ದಮ್ಮು ಹೋಗಬಾರದಲ್ರಿ ಮಾಲಕ್ರ," ಎಂದ.

ಎತ್ತೇ ಇರಲಿಲ್ಲ. ಪರದೆಯ ಮೇಲೆ ಹರಣಿ ಒಂಟಿಯಾಗಿ ಓಡುತ್ತಿತ್ತು. ಅವನ ಕೈಗೆ ಮಾತ್ರ ಅದು ತಿಳಿಯಲಿಲ್ಲ, ಇಪ್ಪತ್ತೆರಡು ವರ್ಷ ಹಿಡಿದ ಕೈ. ನಾನು ಈ ಮಾತನ್ನು ಬಾಯಿ ತಡೆಯದೆ ಹುಡುಗರಿಗೆ ಹೇಳಿಬಿಟ್ಟೆ. ಅಲ್ಲಿಂದ ಅವನು ಬಾಗಿಲಿಗೆ ಬಂದರೆ ಸಾಕು, "ಎತ್ತ ಎಲ್ಲಿ ಕಟ್ಟಿ ಬಂದ್ಯೋ ಸಿದ್ಯಾ?" ಎಂದು ಶುರು. ಅವನು ಕುಂಟುವುದನ್ನು ನೋಡಿ ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಹಾಡಿನಂತೆ ಹೇಳುತ್ತಿದ್ದರು. ಅವನು ಅವರ ಜೊತೆ ತಾನೂ ನಗುತ್ತಿದ್ದ. ನನಗೆ ಸಿಟ್ಟು ಬರುತ್ತಿದ್ದದ್ದು ಹುಡುಗರ ಮೇಲಲ್ಲ, ಅವನು ನಗುವುದರ ಮೇಲೆ.

ಒಮ್ಮೆ ಬೇಸತ್ತು, ಆಟದಲ್ಲಿದ್ದ ಎಲ್ಲಕ್ಕಿಂತ ಉದ್ದದ ಓಟಕ್ಕೆ ಹರಣಿಯ ಹೆಸರು ಕೊಟ್ಟೆ. ಬೇಗ ಮುಗಿಯಲಿ ಈ ಪೀಡೆ ಎಂಬ ಲೆಕ್ಕ ನನ್ನದು. ಎರಡು ಮೈಲಿ. ಹಾಲಸಿದ್ದ ಎಂದಿನಂತೆ ಹಿಡಿದ. ಮುಂದಿನ ಕುದುರೆಗಳು ಒಂದೂವರೆ ಮೈಲಿಗೆ ಬರುವಷ್ಟರಲ್ಲಿ ಒಂದೊಂದಾಗಿ ದಮ್ಮು ಕಳೆದುಕೊಂಡು, ಅವುಗಳ ಪಟ್ಟಿ ಕೆಂಪಗಾದವು. ಹರಣಿಯ ಪಟ್ಟಿ ಹಸಿರಾಗಿಯೇ ಇತ್ತು. ಕೊನೆಯ ತಿರುವಿನಲ್ಲಿ ಅವನು ಎಡಗಡೆಯ ಬೆರಳೆತ್ತಿ ಬಲಗಡೆಯದನ್ನು ಒತ್ತಿ, ಬಾಯಲ್ಲಿ "ಹೋಗವ್ವಾ" ಎಂದ. ಹನ್ನೊಂದು ಕುದುರೆಗಳನ್ನು ಹಿಂದೆ ಹಾಕಿ ಹರಣಿ ಗೆದ್ದಿತು.

ಆಮೇಲೆ ಉದ್ದದ ಓಟಕ್ಕೆ ಮಾತ್ರ ಬಿಟ್ಟೆವು. ಎರಡು ಓಟದ ನಡುವೆ ಹತ್ತು ದಿನ ಅಂತರ. 2014ರ ಮೇ ತಿಂಗಳ ಹೊತ್ತಿಗೆ ಹರಣಿ ಆರು ಗೆದ್ದು ದೊಡ್ಡ ಕಪ್ಪಿಗೆ ಅರ್ಹವಾಯಿತು. ವಿದೇಶದ ಆಟಗಾರರು ಹೊಗಳಿ ಬರೆದರೆ ಅಮಿತ ತಾನೇ ತರಬೇತಿ ಕೊಟ್ಟಿದ್ದೇನೆಂದು ಉತ್ತರ ಹಾಕುತ್ತಿದ್ದ.

ಅದೇ ಮೇ ತಿಂಗಳಲ್ಲಿ ಕೋರ್ಟು ಎತ್ತಿನ ಶರ್ಯತ್ತು ನಿಲ್ಲಿಸಿತು. ಸುದ್ದಿ ಹಾಲಸಿದ್ದನ ಕಿವಿಗೂ ಬಿತ್ತು. "ಶರ್ಯತ್ತ ಇಲ್ಲಂದ್ರೂ ಕುದರಿ ದಿನಾ ತಿನ್ನಬೇಕಲ್ರಿ. ನೋಡಾಕ ಮನಷ್ಯಾ ಬೇಕ," ಎಂದ. ಜೂನ್‌ನಲ್ಲಿ ಭಾವುಸಾಹೇಬರು ಇದ್ದ ಮೂರೂ ಕುದುರೆಗಳನ್ನು ಮದುವೆ ಮೆರವಣಿಗೆಯವನಿಗೆ ಮಾರಿ, ಲಾಯದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದರು. ಅಮಿತ ಅದನ್ನು ನನಗೆ ಹೇಳಿ, "ಸಿದ್ಯಾಗ ಹೇಳಬ್ಯಾಡ. ಕಪ್ ಹೋಗತೈತಿ," ಎಂದ. ನಾನು ಹೇಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹೇಳಿಯಾರು ಎಂದುಕೊಂಡೆ, ಆದರೆ ಅವನು ಈಗ ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತಲೇ ಇರಲಿಲ್ಲ, ದಿನವೆಲ್ಲ ನನ್ನಲ್ಲೇ ಇರುತ್ತಿದ್ದ.

ಜುಲೈನಲ್ಲಿ ಒಂದು ಸಂಜೆ, ಹಾಲಸಿದ್ದ ಮನೆಗೆ ಹೋದ ಮೇಲೆ ಶೇವಂತಾ ಬಂದಳು. ವಖಾರಿಯಿಂದ ನೇರ ಬಂದಿದ್ದಳು, ಸೀರೆಯ ತುಂಬ ತಂಬಾಕಿನ ಘಾಟು.

"ಮಾಲಕ್ರ, ನಮ್ಮನಿಯವ್ರು ಲಾಯದ ಕೆಲಸ ಆಗೂದೈತಿ ಅಂತಾರ. ಖರೇ ಏನ್ರಿ? ಏಳ ವರ್ಷದಾಗ ಇಷ್ಟ ಉಂಡಿದ್ದ ನೋಡಿಲ್ಲ ನಾ. ಸುಳ್ಳ ಇದ್ರ ಈಗ ಹೇಳ್ರಿ, ನಾ ಅವ್ರನ್ನ ಹೆಂಗರೆ ಸಂಭಾಳಸ್ತೀನಿ."

ಹೇಳಬಹುದಿತ್ತು. ಬಾಗಿಲು ಮುಚ್ಚಿತ್ತು, ಯಾರೂ ಇರಲಿಲ್ಲ. "ಖರೇನವಾ," ಎಂದೆ. ಅವಳು ನನಗೆ ಕೈ ಮುಗಿದು ಹೋದಳು. ಆ ಕೈ ಮುಗಿದದ್ದನ್ನು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸುತ್ತದೆ.

ಆಗಸ್ಟಿನ ಆ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಕಪ್ಪಿನ ಓಟ. ಹಾಲಸಿದ್ದ ತಲೆಗೆ ಕೇಸರಿ ಪಟಕಾ ಸುತ್ತಿಕೊಂಡು ಬಂದ, ಶರ್ಯತ್ತಿನ ದಿನ ಸುತ್ತುವಂಥದ್ದು. ಶೇವಂತಾ ಹೊಸದು ಕೊಂಡು ಕೊಟ್ಟಿದ್ದಳು. ತಾನೂ ಬಂದು ಬಾಗಿಲ ಬಳಿ ಕೆಳಗೆ ಕೂತಳು. ಹದಿನೈದು ಹುಡುಗರು ಕುರ್ಚಿಯ ಹಿಂದೆ ಮುತ್ತಿದ್ದರು. ಅಮಿತ ಪಕ್ಕದಲ್ಲೇ ನಿಂತಿದ್ದ.

ಹದಿನಾರು ಕುದುರೆಗಳು ಹೊರಟವು. ಒಂದು ಮೈಲಿಯವರೆಗೆ ಹರಣಿ ಹದಿಮೂರನೆಯದು. "ಬಿಡಲೇ," ಎಂದ ಅಮಿತ. ಹಾಲಸಿದ್ದನ ಬೆರಳು ಅಲುಗಲಿಲ್ಲ. "ಬಿಡಲೇ, ಬಿಡಲೇ ಸಿದ್ಯಾ!" ತಂದೆಯ ದನಿಯೇ. ಒಂದೂಕಾಲು ಮೈಲಿಗೆ ತಾಳ್ಮೆ ಕೆಟ್ಟು ಅಮಿತ ಬಾಗಿ ಚಾಟಿಯ ಗುಂಡಿಗೆ ಕೈ ಹಾಕಿದ. ಹಾಲಸಿದ್ದ ಪರದೆಯಿಂದ ಕಣ್ಣು ತೆಗೆಯದೆ, ಬಲಗೈಯಿಂದ ಅವನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಒತ್ತಿಟ್ಟುಕೊಂಡ. ಕುದುರೆ ಹಿಡಿದ ಕೈ, ಅಮಿತನಿಗೆ ಬಿಡಿಸಿಕೊಳ್ಳಲು ಆಗಲಿಲ್ಲ. ಹುಡುಗರೆಲ್ಲ ನೋಡಿದರು. ಕೊನೆಯ ತಿರುವಿಗೆ ಆ ಕೈ ಬಿಟ್ಟು, "ಹೋಗವ್ವಾ" ಎಂದು ಹರಣಿಯನ್ನು ಬಿಟ್ಟ. ಅರ್ಧ ತಲೆಯ ಅಂತರದಿಂದ ಕಪ್ ಗೆದ್ದಿತು.

ಅವನು ಅಳುತ್ತಿದ್ದ. ಎದ್ದು ನಿಂತು ಅಮಿತನಿಗೆ ಕೈ ಮುಗಿದ.

"ತಪ್ಪಾತ್ರಿ ಸಾಹೇಬ್ರ, ಕೈ ಹಿಡದ್ನಿ. ಯಾವತ್ತ ಬರ್ಲಿ ವಾಡೇಕ?"

ಅಮಿತ ಕೆಂಪಾದ ಮಣಿಕಟ್ಟು ತಿಕ್ಕುತ್ತಿದ್ದ. "ಯಾವ ಲಾಯಲೇ? ಕುದರಿ ಮಾರಿ ಎರಡ ತಿಂಗಳಾತು. ಟ್ರ್ಯಾಕ್ಟರ್ ನಿಂತೈತಿ ಅಲ್ಲಿ. ಅದಕ್ಕ ಮೇವ ಹಾಕ್ತೀಯೇನ? ಕೇಳು ಬೇಕಾದ್ರ, ಇವ್ರಿಗೂ ಗೊತ್ತೈತಿ."

ಹಾಲಸಿದ್ದ ನನ್ನ ಕಡೆ ತಿರುಗಿದ. ನಾನು ಫ್ಯಾನು ನೋಡಿದೆ. ಬಾಗಿಲ ಬಳಿ ಶೇವಂತಾ ಎದ್ದು ನಿಂತಿದ್ದಳು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆಳೊಬ್ಬ ಎಲ್ಲರೆದುರು ತನ್ನ ಕೈ ಹಿಡಿದದ್ದು ಅಮಿತನಿಗೆ ಇನ್ನೂ ಉರಿಯುತ್ತಿತ್ತು. ಕುರ್ಚಿಗೆ ಕೂತು, ಆಗಷ್ಟೇ ಎರಡು ಮೈಲಿ ಓಡಿ ಬಂದ ಹರಣಿಯನ್ನು ಮತ್ತೊಂದು ಓಟಕ್ಕೆ ಹಚ್ಚಿದ. ಶುರುವಿನಿಂದಲೇ ಚಾಟಿ. ಅದು ಮುಗಿದ ಕೂಡಲೇ ಇನ್ನೊಂದು. ಪಟ್ಟಿ ಕೆಂಪಗಾಗಿ ಮಿನುಗತೊಡಗಿತು.

"ಸಾಹೇಬ್ರ, ನನ್ನ ಹೊಡೀರಿ. ಅದನ್ನ ಬಿಡ್ರಿ," ಎಂದ ಹಾಲಸಿದ್ದ. ಕುಂಟುಗಾಲು ಮಡಚಲಾಗದೆ ನೆಲಕ್ಕೆ ಕುಸಿದು ಅಮಿತನ ಕಾಲು ಹಿಡಿದ. ಪಟಕಾ ಬಿಚ್ಚಿ ಕುರ್ಚಿಯ ಗಾಲಿಗೆ ಸುತ್ತಿಕೊಂಡಿತು. ಹುಡುಗರು ಹೊಟ್ಟೆ ಹಿಡಿದು ನಗುತ್ತಿದ್ದರು. ಚಿತ್ರಕ್ಕೆ ಅಳುವ ಮನುಷ್ಯನನ್ನು ಅವರು ಎಲ್ಲಿ ನೋಡಿದ್ದರು?

ನಾಲ್ಕನೆಯ ಓಟದ ಅರ್ಧದಲ್ಲಿ ಹರಣಿ ಬಿದ್ದಿತು. ಪರದೆ ಬೆಳ್ಳಗಾಗಿ ಇಂಗ್ಲಿಷಿನಲ್ಲಿ ಎರಡು ಸಾಲು ಮೂಡಿದವು. ಮುಂಗಾಲು ಮುರಿದಿದೆ, ಇನ್ನು ಉಪಯೋಗವಿಲ್ಲ, ತೆಗೆದುಹಾಕಲೇ ಎಂದಿತ್ತು. ಅಮಿತ ಹೌದು ಎಂದು ಒತ್ತಿ, ಗೆಳೆಯರನ್ನು ಕರೆದುಕೊಂಡು ಚಹಾಕ್ಕೆ ಹೋದ.

ಹಾಲಸಿದ್ದ ಕುರ್ಚಿ ಹಿಡಿದು ಎದ್ದ. ಖಾಲಿ ಪರದೆಯ ಮೇಲೆ ಅಕ್ಷರ ಇನ್ನೂ ಇದ್ದವು.

"ಏನ ಬರದೈತ್ರಿ ಮಾಲಕ್ರ?"

ಈ ಒಂದು ಸಲವಾದರೂ ಅವನಿಗೆ ಒಳ್ಳೆಯದು ಮಾಡೋಣವೆನಿಸಿತು.

"ಗುಣ ಆಗತೈತಿ ಅಂತ ಬರದೈತಿ," ಎಂದೆ.

ಶೇವಂತಾ ಬಂದು ಗಾಲಿಗೆ ಸುತ್ತಿದ್ದ ಪಟಕಾ ಬಿಡಿಸಿ ಅವನ ಕೈಗೆ ಕೊಟ್ಟಳು.

"ಅವತ್ತ ಭಾವುಸಾಹೇಬ್ರೂ ಹಿಂಗ ಅಂದಿದ್ರು ಮಾಲಕ್ರ," ಎಂದು ಹಾಲಸಿದ್ದ ಹೇಳಿ, ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ.