ನರಭಕ್ಷಕಿಗೆ ಕೊಟ್ಟ ದನಿ

ಅಮೆರಿಕದ ಎಮರಿವಿಲ್ ಊರಿನ ಆ ಡಬ್ಬಿಂಗ್ ಕೋಣೆಯನ್ನು ನಾನಿನ್ನೂ ಮರೆತಿಲ್ಲ. ಎಂಬತ್ತರ ದಶಕ. ಗಂಡ ಆಫೀಸಿಗೆ ಹೋದರೆ ನನಗೆ ಅಪಾರ್ಟ್‌ಮೆಂಟಿನ ನಾಲ್ಕು ಗೋಡೆಗಳೇ ಗತಿ. ಪಕ್ಕದ ಮನೆಯ ಅಮೆರಿಕನ್ನನು ಸಿನಿಮಾಗಳಿಗೆ ಶಬ್ದ ಕೂಡಿಸುವವನು. ಕಾಡುಜನರ ಬಗ್ಗೆ ಇಟಲಿಯವರು ತೆಗೆದ ಡಾಕ್ಯುಮೆಂಟರಿಯಿದೆ, ಹೆಣ್ಣುದನಿ ಬೇಕು ಎಂದು ಕರೆದ. ಡಾಕ್ಯುಮೆಂಟರಿ ಅಂದಮೇಲೆ ಮರ್ಯಾದಸ್ಥರದ್ದೇ ಎಂದುಕೊಂಡು ಒಳ್ಳೆಯ ಸೀರೆ ಉಟ್ಟು ಹೋದೆ.

ಪರದೆಯ ಮೇಲೆ ಉಡದಂಥ ಪ್ರಾಣಿಯೊಂದರ ಹೊಟ್ಟೆ ಬಗೆಯುತ್ತಿದ್ದರು. ಅದಿನ್ನೂ ಕಾಲು ಬಡಿಯುತ್ತಿತ್ತು. ಥೂ, ಇದೇನು ಬಣ್ಣದ ನೀರೋ ಎಂದು ಕೇಳಿದೆ. ಇಲ್ಲ, ಇಟಲಿಯವರು ನಿಜವಾಗಿಯೇ ಕೊಯ್ಯುತ್ತಾರೆ ಎಂದು ತಾನೇ ಕೊಯ್ದವನ ಹಾಗೆ ಹೆಮ್ಮೆಪಟ್ಟ. ಆಮೇಲೆ ಅವರ ಪುರಾಣ ಬಿಚ್ಚಿದ. ಮೊದಮೊದಲು ದೇಶದೇಶಗಳ ವಿಚಿತ್ರ ಆಚಾರ ತೋರಿಸುತ್ತಿದ್ದರಂತೆ. ಜನ ಮುಗಿಬಿದ್ದ ಮೇಲೆ ರಕ್ತ, ಅದೂ ಸಾಲದಾದಾಗ ನರಭಕ್ಷಕರು. ಶೂಟಿಂಗಿನಲ್ಲಿ ಮಾತು ಹಿಡಿಯುವುದೇ ಇಲ್ಲ, ದನಿಯೆಲ್ಲ ಆಮೇಲೆ ಅಂಟಿಸುವುದು. ಒಂದೇ ಚಿತ್ರವನ್ನು ಊರಿಗೊಂದು ಹೆಸರಿಟ್ಟು ಮಾರುವುದೂ ಉಂಟಂತೆ. ಹೇಸಿಗೆಗೂ ಇಷ್ಟೊಂದು ಚರಿತ್ರೆ!

ಮುಂದಿನ ದೃಶ್ಯದಲ್ಲಿ ಮೈಗೆ ಮಣ್ಣು ಬಳಿದುಕೊಂಡ ಮುದುಕಿಯೊಬ್ಬಳು ಮನುಷ್ಯನ ಕರುಳು ತಿನ್ನುತ್ತಾ ಪಕ್ಕದ ಮಗುವಿಗೂ ಕೊಡುತ್ತಾಳೆ. ಅವಳಿಗೆ ನಾನು ಮಾತಾಡಬೇಕಂತೆ. ನಿನ್ನ ಭಾಷೆಯಲ್ಲೇ ಏನಾದರೂ ಅನ್ನು, ಯಾರಿಗೆ ತಿಳಿಯುತ್ತೆ ಎಂದ. ಮಗುವನ್ನು ಕಂಡು ನಾಲಿಗೆಗೆ ಬಂದದ್ದು ಮಂಡ್ಯದಲ್ಲಿ ನಮ್ಮವ್ವ ಉಣ್ಣಿಸುವಾಗ ಅನ್ನುತ್ತಿದ್ದ ಮಾತು.

"ಇನ್ನೊಂದ್ ತುತ್ತು ತಿನ್ನು ನನ್ ಕಂದ, ಬಾಯ್ ತಗಿ."

ಅವನು ಟೇಪನ್ನು ಚಿತ್ರಕ್ಕೆ ಕೂಡಿಸಿ ಮತ್ತೆ ಹಾಕಿದ. ತುಟಿಯಿಂದ ರಕ್ತ ಸುರಿಸುತ್ತಾ ಆ ಮುದುಕಿ ನಮ್ಮವ್ವನ ಮಾತನ್ನೇ ಆಡಿದಳು. ಅಳಿಸು ಎಂದೆ. ಚೆನ್ನಾಗಿ ಬಂದಿದೆ, ಇರಲಿ ಎಂದ. ಬೇಡ, ಅಳಿಸು ಎಂದರೆ ನಕ್ಕ. ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು, ಇಂಗ್ಲಿಷು ಕೈಕೊಟ್ಟಿತು.

"ನಿನ್ ಮನೆ ಹಾಳಾಗ, ನಿನ್ ಕೈ ಸೇದೋಗ. ನಮ್ಮವ್ವನ ಮಾತ್ನ ಹೆಣ ತಿನ್ನೋಳ ಬಾಯಿಗ್ ಹಾಕ್ತೀಯೇನೋ? ನಿನ್ ಬಾಯಿಗ್ ಮಣ್ ಬೀಳ."

ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವನ ಕಣ್ಣು ಅರಳಿತ್ತು. ಇದೇ ಬೇಕಾಗಿದ್ದದ್ದು, ಮೊದಲಿನದರ ಬದಲು ಇದನ್ನೇ ಹಾಕುತ್ತೇನೆ, ಇನ್ನೊಂದು ಸಲ ಹೇಳು, ಮೈಕಿಗೆ ಸ್ವಲ್ಪ ಹತ್ತಿರ ಬಾ ಎಂದ. ಮೊದಲು ಅದನ್ನು ಅಳಿಸು ಎಂದೆ. ನನ್ನೆದುರೇ ಅಳಿಸಿದ.

ಆಮೇಲೆ ಮೈಕಿನ ಹತ್ತಿರ ಹೋಗಿ, ಅವನ ಮುಖವನ್ನೇ ನೋಡುತ್ತಾ, ಒಂದಕ್ಷರವೂ ಬಿಡದೆ ನಿಧಾನವಾಗಿ ಪೂರ್ತಿ ಹೇಳಿದೆ. ಅವನು ಹೆಬ್ಬೆರಳು ಎತ್ತಿ ಥ್ಯಾಂಕ್ಸ್ ಅಂದ.