ಅಂಜನಮ್ಮ ಎಳೆದ ಕೆಂಪು ಗೆರೆ

ಕೊಡಿಗೇಹಳ್ಳಿಯ ರೈಲ್ವೆ ಗೇಟಿನ ಗಂಟೆ ಹೊಡೆದರೆ ಅಂಜನಮ್ಮನ ಕಾಲು ತಾನಾಗಿ ನಿಲ್ಲುತ್ತದೆ. ಕಂಬಿಯಡಿ ನುಸುಳಿ ಹೋಗುವವರು ಹೋಗುತ್ತಾರೆ. ಅವಳು ಮಾತ್ರ ಹದಿನಾರು ವರ್ಷದಿಂದ ಗೇಟು ಏಳುವವರೆಗೂ ಕಾದು, ಆಮೇಲೆ ಯಲಹಂಕದ ಬಸ್ಸು ಹತ್ತುತ್ತಾಳೆ.

ಅಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ, ಹೆಣ ಕೊಯ್ದು ಪಾಠ ಹೇಳುವ ವಿಭಾಗಕ್ಕೆ ಅವಳು ಅಟೆಂಡರ್. ವರ್ಷ ವರ್ಷವೂ ನವೀಕರಣವಾಗಬೇಕಾದ ಕೆಲಸ. ರಂಗೋಲಿಯ ಕೈ ಚೆನ್ನಾಗಿದೆ ಎಂದು, ಪರೀಕ್ಷೆಗೆ ಮುಂಚೆ ರಕ್ತನಾಳಗಳಿಗೆ ಕೆಂಪು ಪೇಂಟು ಹಚ್ಚುವುದು ಅವಳ ಪಾಲಿಗೆ ಬಂತು. ಪಾಠ ಕೇಳಿ ಕೇಳಿ ದೊಡ್ಡ ಕರುಳು ಅವಳಿಗೆ ಬಾಯಿಪಾಠ: ಮೇಲಿನ ನಾಳ ಬಲಗಡೆಗೆ ರಕ್ತ ಕೊಡುತ್ತದೆ, ಕೆಳಗಿನದು ಎಡಗಡೆಗೆ, ಎರಡರ ಕವಲುಗಳೂ ಕರುಳಿನ ಅಂಚಿಗೆ ಬಂದು ಕೂಡಿ ಒಂದೇ ಗೆರೆಯಾಗುತ್ತವೆ.

ಮೊನ್ನೆ ಒಂದು ಕರುಳಿನ ಎಡ ಮೇಲ್ತಿರುವಿನಲ್ಲಿ ಆ ಗೆರೆ ಎರಡು ಬೆರಳಷ್ಟು ಕಾಣಲಿಲ್ಲ. ಹಳೇ ಬಣ್ಣ ಉದುರಿದೆ ಅಂದುಕೊಂಡು ಎಳೆದು ಕೂಡಿಸಿದಳು. "ಈ ಸಲ ನೀಟಾಗಿದೆ ಅಂಜನಮ್ಮ" ಎಂದರು ವಿಭಾಗದ ಮೇಡಂ.

ಇವತ್ತು ಪರೀಕ್ಷೆ. ಅದೇ ಕರುಳಿನ ಮುಂದೆ ರಮ್ಯ, ಒಮ್ಮೆ ಫೇಲಾಗಿ ಮತ್ತೆ ಬರೆಯುತ್ತಿರುವ ಹುಡುಗಿ.

"ಈ ತಿರುವಲ್ಲಿ ಯಾವ ನಾಳ ಇದೆ?" ಎಂದು ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು.

"ಯಾವ ನಾಳಾನೂ ಇಲ್ಲ ಸರ್. ಕೆಲವರಲ್ಲಿ ಇಲ್ಲಿ ಕೂಡಿರಲ್ಲ. ಈ ಬಾಡಿ ನಾವೇ ಡಿಸೆಕ್ಟ್ ಮಾಡಿದ್ದು."

"ಹಾಗಾದ್ರೆ ಕೆಂಪಗಿರೋದು ಏನಮ್ಮಾ, ಕುಂಕುಮಾನಾ?"

ಮೇಡಂ ನಕ್ಕರು. ರಮ್ಯ ಬಗ್ಗಿ ಕರುಳನ್ನು ಇನ್ನೊಮ್ಮೆ ನೋಡಿದಳು.

"ಎದುರಿಗಿರೋದೇ ಕಾಣಲ್ಲ, ನಾಳೆ ಆಪರೇಷನ್ ಮಾಡ್ತಾಳಂತೆ" ಎಂದು ಪರೀಕ್ಷಕರು ಅಂಕ ಹಾಕಲು ಪೆನ್ನಿನ ಮುಚ್ಚಳ ತೆಗೆದರು.

ಬಾಗಿಲ ಬಳಿ ನಿಂತಿದ್ದ ಅಂಜನಮ್ಮನಿಗೆ ಆಗ ಹೊಳೆಯಿತು. ಮೊನ್ನೆ ಬಣ್ಣ ಉದುರಿರಲಿಲ್ಲ; ಅಲ್ಲಿ ನಾಳವೇ ಇರಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಅಟೆಂಡರ್ ಬಾಯಿ ತೆರೆಯಕೂಡದು. ನವೀಕರಣದ ಕಾಗದ ಮೇಡಂ ಮೇಜಿನ ಮೇಲೆ ಸಹಿಗೆ ಕಾದಿದೆ. ಮಾತಾಡಿದರೆ ಕೆಲಸ ಹೋಗುತ್ತದೆ, ಮಾತಾಡದಿದ್ದರೆ ಆ ಹುಡುಗಿಯ ವರ್ಷ. ಕಾಲು ನೆಲಕ್ಕೆ ಅಂಟಿಕೊಂಡಿತ್ತು. ಇಲ್ಲಿ ತಾನಾಗಿ ಏಳುವ ಗೇಟು ಯಾವುದೂ ಇರಲಿಲ್ಲ.

ರಮ್ಯ ಕೈಗವಸು ಬಿಚ್ಚತೊಡಗಿದಳು.

"ಸಾರ್," ಎಂದಳು ಅಂಜನಮ್ಮ. "ಮಗೂದು ತಪ್ಪಿಲ್ಲ ಸಾರ್. ನಾನೇ ಇಂಗೆ ಎಳೆದು ಕೂಡ್ಸಿದ್ದು."

"ಅಂಜನಮ್ಮ, ಆಚೆ ಹೋಗು." ಮೇಡಂ ದನಿ ಸಣ್ಣಗಿತ್ತು.

ಅವಳು ಗೂಡಿನಿಂದ ಪೇಂಟು ಕರಗಿಸುವ ಥಿನ್ನರ್ ಬಾಟಲಿ, ಒಂದು ಹಿಡಿ ಹತ್ತಿ ತೆಗೆದುಕೊಂಡಳು. "ಓಗ್ತೀನಿ ಮೇಡಂ, ಒರೆಸಿ ತೋರ್ಸಿ ಓಗ್ತೀನಿ, ಅದರ ಕೆಳಗೆ ಬರೀ..." ಎನ್ನುತ್ತ ಕರುಳಿದ್ದ ಮೇಜಿನ ಕಡೆಗೆ ನಡೆದಳು.