ನೆಲಮಾಳಿಗೆಯ ತೇವ

ಕಲೈಸೆಲ್ವಿಯ ಮುಖ ಸೇಲಂ ಜಿಲ್ಲೆಯಲ್ಲಿ ನೂರು ಜನಕ್ಕೆ ಗೊತ್ತಿದ್ದರೆ ಹೆಚ್ಚು. ಅವಳ ದನಿ ಕೇಳದ ಬೀದಿ ಮಾತ್ರ ಇರಲಿಕ್ಕಿಲ್ಲ. ಕೊಳತ್ತೂರಿನಲ್ಲಿ ಮೀನಿನ ಗಾಡಿ ಬಂತೆಂದು ಕೂಗುವುದು ಅವಳ ದನಿ. ಶಂಕಗಿರಿಯಲ್ಲಿ ಲಾರಿ ಟೈರಿಗೆ ಆಡಿ ತಿಂಗಳ, ಅಂದರೆ ತಮಿಳರ ಆಷಾಢದ, ರಿಯಾಯಿತಿ ಎಂದು ಆಸೆ ಹುಟ್ಟಿಸುವುದೂ ಅದೇ. ಜಿಲ್ಲೆಯ ಗಡಿಯಾಚೆ ಅದಿಯಮಾನ್‌ಕೋಟೆಯ ಬೀದಿಗಳಲ್ಲಿ ಹಳೇ ಕಬ್ಬಿಣ, ಕೆಟ್ಟ ಮಿಕ್ಸಿ ಕೊಟ್ಟು ಈರುಳ್ಳಿ ತಗೊಳ್ಳಿ ಎಂದು ಸುತ್ತುವ ಗಾಡಿಯ ಮೈಕಿನೊಳಗೂ ಅವಳೇ. ಎಲ್ಲವೂ ತಮಿಳಿನಲ್ಲಿ, ಎಲ್ಲವೂ ಒಂದೇ ಹುರುಪಿನಲ್ಲಿ. ಒಂದು ದಿನ ಅಂಥದೇ ಗಾಡಿಯೊಂದು ಅವಳ ಮನೆ ಬಾಗಿಲಿಗೆ ಬಂದು, ‘ಸರಿಯಾದ ತೂಕ’ ಎಂದು ಅವಳ ದನಿಯಲ್ಲೇ ಕೂಗುತ್ತಾ ಅವಳಿಗೇ ಕಡಿಮೆ ತೂಗಿ ಹೋಯಿತು. ತನ್ನ ಮಾತಿಗೆ ತಾನೇ ಎದುರಾಡುವುದು ಹೇಗೆಂದು ಅವಳು ನಕ್ಕು ಸುಮ್ಮನಾದಳು.

ಮನೆ ಇರುವುದು ಸೇಲಂನ ಗುಗೈ ಕಡೆ, ತಲೆಮಾರುಗಳ ಹಿಂದೆ ಬಂದು ನೆಲೆಸಿದ ಕನ್ನಡದ ನೇಕಾರರ ಒಂದು ಓಣಿಯಲ್ಲಿ. ಹೊಸಿಲು ದಾಟಿದರೆ ತಮಿಳು, ಒಳಗೆ ಬಂದರೆ ಅರ್ಧ ತಮಿಳು ಬೆರೆತ ಕನ್ನಡ. ಅವಳು ರೆಕಾರ್ಡ್ ಮಾಡುತ್ತಿದ್ದ ಜಾಗ ಹೇಳಿದರೆ ನಗು ಬರುತ್ತದೆ: ಮಲಗುವ ಕೋಣೆಯ ಬೀರು. ತೂಗುಹಾಕಿದ ಸೀರೆಗಳ ನಡುವೆ ತಲೆ ತೂರಿಸಿ, ಫೋನನ್ನು ಬಾಯಿಗೆ ಹಿಡಿದು, ಬೆವರು ಸುರಿಸುತ್ತಾ ಓದಬೇಕು. ಎಡಬಲದ ಮನೆಗಳಲ್ಲಿ ಪವರ್‌ಲೂಮ್‌ಗಳು ಹಗಲಿರುಳು ಕಟಕಟ ಎನ್ನುತ್ತಿದ್ದವು. ಮೀನು, ಈರುಳ್ಳಿಗೆ ಅದು ತೊಂದರೆಯಲ್ಲ. ಬೀದಿಯ ಗದ್ದಲದಲ್ಲಿ ಆ ಸದ್ದು ಮುಳುಗಿಹೋಗುತ್ತದೆ. ಗೆಳತಿ ಮೇನಕಾ ಕೀಬೋರ್ಡ್ ತಂದು ಕೂತರೆ ಮಾತ್ರ ಕಷ್ಟ. ಕಿವಿ ಚುಚ್ಚುವ ಶಾಸ್ತ್ರ, ಗೃಹಪ್ರವೇಶಗಳಲ್ಲಿ ಇಬ್ಬರೂ ಸೇರಿ ಹಾಡುತ್ತಿದ್ದರು, ಅದಕ್ಕೆ ಅಭ್ಯಾಸ ಬೇಕಿತ್ತು. ನಾಲ್ಕು ಪವರ್‌ಲೂಮ್ ಓಡಿಸುವ ಪಕ್ಕದ ಮನೆಯವನೇ ಬಂದು, ನಿಮ್ಮ ಹಾಡು ಕೇಳಿ ತಲೆನೋವು ಬರುತ್ತದೆ ಎಂದು ದೂರಿದ್ದ. ಜನರಿಗೆ ನಾಚಿಕೆ ಎನ್ನುವುದು ಇದೆಯೋ ಇಲ್ಲವೋ.

ಜೂನ್ ತಿಂಗಳಲ್ಲಿ ಚೆನ್ನೈನ ಒಂದು ಕಂಪನಿಯಿಂದ ಕರೆ ಬಂತು. ಒಂದರಿಂದ ಐದನೇ ತರಗತಿಯವರೆಗಿನ ಪಾಠಗಳನ್ನು ಮಕ್ಕಳು ಕೇಳುವ ಹಾಗೆ ಓದಿಕೊಡಬೇಕು. ಒಂದು ವರ್ಷದ ಕೆಲಸ. ಮೊದಲು ಒಂದು ಪಾಠವನ್ನು ಮಾದರಿಗೆ ಕಳಿಸಬೇಕು, ಹಿಂದೆ ಯಾವ ಸದ್ದೂ ಇರಕೂಡದು, ಸೆಪ್ಟೆಂಬರ್ ಹದಿನೈದು ಕೊನೆಯ ದಿನ. ಫೋನ್ ಇಟ್ಟ ಮೇಲೆ ಕಲೈಸೆಲ್ವಿ ಬಹಳ ಹೊತ್ತು ಅಡುಗೆಮನೆಯಲ್ಲಿ ನಿಂತಿದ್ದಳು. ಹದಿನಾರು ವರ್ಷ ಮೀನು ಮಾರಿದ ದನಿ ಮಕ್ಕಳಿಗೆ ಕಥೆ ಹೇಳಬಹುದು ಎಂದು ಯಾರಿಗೋ ಅನ್ನಿಸಿತ್ತು. ಆ ಕೆಲಸ ತನಗೆ ಬೇಕೇ ಬೇಕು ಎಂದು ಅವಳಿಗೆ ಹಸಿವಿನ ಹಾಗೆ ಅನ್ನಿಸಿತು.

ಮನೆಯಲ್ಲಿ ಸದ್ದು ಅಷ್ಟಾಗಿ ಮುಟ್ಟದ ಜಾಗ ಒಂದೇ ಇತ್ತು, ನೆಲಮಾಳಿಗೆ. ಮಾವ ಮುತ್ತುಸ್ವಾಮಿಯವರ ಅಪ್ಪ ಅದನ್ನು ತೋಡಿಸಿದ್ದು ಮಗ್ಗಕ್ಕೆಂದೇ. ನೇಯುವ ರೇಷ್ಮೆ ಒಣಗಿದರೆ ಎಳೆ ತುಂಡಾಗುತ್ತದೆ. ಸೇಲಂನ ಬಿಸಿಲಿಗೆ ತಂಪು ಬೇಕು. ಅದಕ್ಕೇ ಹತ್ತು ಮೆಟ್ಟಿಲು ಇಳಿಯುವ ಕೋಣೆ, ಅದರಲ್ಲಿ ಕಾಲು ಇಳಿಬಿಟ್ಟು ಕೂರುವ ಗುಂಡಿ ಮಗ್ಗ. ಬೆಳಿಗ್ಗೆ ನೆಲಕ್ಕೆ, ಗೋಡೆಗೆ ನೀರು ಚಿಮುಕಿಸಿ, ಮೂಲೆಯಲ್ಲಿ ಒದ್ದೆ ಮರಳಿನ ಮಡಕೆ ಇಟ್ಟ ಮೇಲೆಯೇ ಲಾಳಿ ಕೈಗೆತ್ತಿಕೊಳ್ಳುವುದು. ಮುತ್ತುಸ್ವಾಮಿ ಐವತ್ತೆರಡು ವರ್ಷದಿಂದ ಹಾಗೇ ಮಾಡುತ್ತಿದ್ದರು.

ಅವರನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ. ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ನಕ್ಷೆ ಬರೆದಳು. ಅಳತೆ ಕೊಟ್ಟವನು ಗಂಡ ಶಕ್ತಿವೇಲ್. ಅವನು ಶಂಕಗಿರಿಯಲ್ಲಿ ಲಾರಿ ಬಾಡಿ ಕಟ್ಟುವ ಮರಗೆಲಸದವನು. ಟೇಪು ಸದಾ ಜೇಬಿನಲ್ಲೇ. ಒಂದರ ಹಿಂದೊಂದು ಎರಡು ಬಾಗಿಲು, ಗೋಡೆಗೆ ಹತ್ತಿ ತುಂಬಿದ ಚೌಕಟ್ಟು, ನಡುವೆ ಮೈಕು, ಮೂಲೆಯಲ್ಲಿ ಮೇನಕಾಳ ಕೀಬೋರ್ಡು. ಒಂದು ಸಂಜೆ ಟೀ ಕುಡಿಯುತ್ತಾ ಮುತ್ತುಸ್ವಾಮಿ ಆ ಹಾಳೆಯನ್ನು ಎತ್ತಿಕೊಂಡರು.

“ಇದು ಬಾಗ್ಲಾ?”

“ಊಂ ಮಾವ. ಸೌಂಡ್ ಬರ್ಬಾರ್ದು ಅಂತ ಎರಡು.”

“ಇಲ್ಲಿ ಯಾರು ಕೂರಾದು?”

“ಮೇನಕಾ.”

ಅವರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ನನ್ ಮಗ್ಗ ಎಲ್ಲೈತೆ ಇದ್ರಲ್ಲಿ?”

ಊರಿಗೆಲ್ಲ ಬಾಯಾದ ಕಲೈಸೆಲ್ವಿ ಅವತ್ತು ಲೋಟ ತೊಳೆಯಲು ಎದ್ದಳು. ಹಿಂದಿನಿಂದ ಅವರ ದನಿ ಬಂತು.

“ಪರವಾಯಿಲ್ಲೆ ಮಾ. ಹಾಸು ಮುಗೀಲಿ. ನಡುವ್ನಾಗ ಕತ್ತರಿಸ್ಬಾರ್ದು.”

ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸನ್ನು ಅರ್ಧಕ್ಕೆ ಕತ್ತರಿಸುವುದು ಆ ಮನೆಗಳಲ್ಲಿ ಅಪಶಕುನ. ಉಳಿದಿದ್ದು ಮೂರು ಸೀರೆಯಷ್ಟು. ಜುಲೈ ನಡುವಿಗೆ ಅದು ಮುಗಿಯಿತು. ಮುತ್ತುಸ್ವಾಮಿ ಕರ್ಪೂರ ಹಚ್ಚಿ ಕೈ ಮುಗಿದು, ಎಳೆ ಪೋಣಿಸುವ ಬಾಚಣಿಗೆಯಂಥ ಅಚ್ಚಿನಲ್ಲಿ ಗೇಣುದ್ದ ಎಳೆಗಳನ್ನು ಉಳಿಸಿಕೊಂಡೇ ಅದನ್ನು ಬಟ್ಟೆಯಲ್ಲಿ ಸುತ್ತಿದರು. ಮುಂದಿನ ಹಾಸನ್ನು ಗಂಟು ಹಾಕಲು ಎಳೆ ಬಿಡುವುದು ನೇಕಾರರ ಪದ್ಧತಿ. ಮುಂದಿನ ಹಾಸು ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಮಗ್ಗದ ಕಂಬಗಳು ತಾರಸಿಯ ಮೇಲೆ ತಗಡಿನ ಕೆಳಗೆ ಹೋದವು. ಗುಂಡಿಗೆ ಮರಳು, ಇಟ್ಟಿಗೆ ತುಂಬಿ ಸಿಮೆಂಟ್ ಬಳಿದರು.

ಆಗಸ್ಟ್ ಮೊದಲ ವಾರಕ್ಕೆ ಕೋಣೆ ಸಿದ್ಧವಾಯಿತು. ಲಾರಿಯ ಹಲಗೆಗೆ ರಬ್ಬರ್ ಅಂಚು ಹೊಡೆದು ಶಕ್ತಿವೇಲ್ ಮಾಡಿದ ಬಾಗಿಲು ಎಂಥದೆಂದರೆ, ಅದನ್ನು ಎಳೆದುಕೊಂಡ ಕೂಡಲೇ ಪವರ್‌ಲೂಮ್‌ಗಳು ನಿಂತೇಹೋದವೇನೋ ಎನ್ನಿಸಿತು. ಕಲೈಸೆಲ್ವಿ ಒಳಗೆ ಒಬ್ಬಳೇ ನಿಂತು ತನ್ನ ಉಸಿರನ್ನು ಕೇಳಿಸಿಕೊಂಡಳು. ಮದುವೆಯಾಗಿ ಬಂದ ಮೇಲೆ ಅದು ಅವಳಿಗೆ ಕೇಳಿಸಿದ್ದು ಅದೇ ಮೊದಲು. ಅತ್ತುಬಿಟ್ಟಳು, ಸಂತೋಷಕ್ಕೆ.

ತೇವ ಆರಲೆಂದು ದೊಡ್ಡ ಬಲ್ಬುಗಳನ್ನು ಮೂರು ದಿನ ಉರಿಸಿದ್ದರು. ಆ ಶಾಖದಲ್ಲಿ ಓದಿ ಓದಿ ಅವಳಿಗೆ ಕೆಮ್ಮು ಹತ್ತಿತು. ಕೆಮ್ಮು ಹೋಯಿತು, ಬೇರೊಂದು ತೊಂದರೆ ಶುರುವಾಯಿತು. ಹೊಸ ಮೈಕಿನಲ್ಲಿ ಓದಿದ್ದನ್ನು ಹಾಕಿ ಕೇಳಿದರೆ ಮಾತಿನ ನಡುವೆ ಪಟಪಟ ಎಂಬ ಸದ್ದು.

“ಅಕ್ಕಾ, ಇದು ಈರದ ಸೌಂಡು,” ಎಂದಳು ಮೇನಕಾ. ಈರ ಎಂದರೆ ಅವರ ಬಾಯಲ್ಲಿ ತೇವ. “ಈ ಮೈಕ್ಕು ಈರ ತಡ್ಕೊಳಲ್ಲ. ರೂಮು ಒಣಗ್ಬೇಕು.”

ಬಟ್ಟಲುಗಳಲ್ಲಿ ಕಲ್ಲುಪ್ಪು ಇಟ್ಟರು. ಮಾರನೆಯ ದಿನಕ್ಕೆ ಉಪ್ಪು ನೀರಾಗಿತ್ತು. ಮತ್ತೆ ಬಲ್ಬು ಉರಿಸಿದರು. ಸಂಜೆ ಒಣಗಿದಂತಿದ್ದ ಗೋಡೆ ಬೆಳಿಗ್ಗೆ ಮುಟ್ಟಿದರೆ ತಣ್ಣಗೆ. ಅಷ್ಟರಲ್ಲಿ ನಾಲ್ಕು ಮಳೆಯೂ ಬಿದ್ದು, ನೆಲದೊಳಗಿಂದ ನೀರು ಜಿನುಗುತ್ತಿದೆ, ಹೊಸ ಸಿಮೆಂಟು ಒಡೆದು ನೋಡಬೇಕು ಎಂದು ಶಕ್ತಿವೇಲ್ ಹಟ ಹಿಡಿದ. ಊಟಕ್ಕೆ ಕೂತಾಗ ಇದೇ ಮಾತು: ಪಟಪಟ ಅನ್ನುತ್ತೆ, ಇವತ್ತೂ ಪಟಪಟ ಅಂತು, ಕೆಲಸ ಕೈ ತಪ್ಪುತ್ತೆ. ಮುತ್ತುಸ್ವಾಮಿ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಒಂದು ದಿನವೂ ಒಂದು ಮಾತು ಸೇರಿಸಲಿಲ್ಲ.

ಆ ಮೌನದ ಮೇಲೆಯೇ ಅವಳಿಗೆ ಅನುಮಾನ ಹುಟ್ಟಿತು. ಅನುಮಾನಕ್ಕೆ ಬೇಡವೆಂದರೂ ಸಾಕ್ಷಿ ಸಿಗುತ್ತಾ ಹೋಗುತ್ತದೆ. ಬೆಳಿಗ್ಗೆ ತಾನು ಕಸ ಗುಡಿಸಲು ಏಳುವ ಹೊತ್ತಿಗೆ ಮಾವ ನೆಲಮಾಳಿಗೆಯ ಕಡೆಯಿಂದ ಬರುವುದನ್ನು ಅವಳು ಎರಡು ಸಲ ನೋಡಿದ್ದಳು. ಸೆಪ್ಟೆಂಬರ್ ಎರಡನೇ ತಾರೀಕು ಕೋಳಿ ಕೂಗುವಾಗಲೇ ಎದ್ದು ಮೆಟ್ಟಿಲಿಳಿದಳು.

ಎರಡು ಬಾಗಿಲೂ ತೆರೆದಿದ್ದವು. ಮುತ್ತುಸ್ವಾಮಿ ಹಿತ್ತಾಳೆ ತಂಬಿಗೆಯಿಂದ ಗೋಡೆಗೆ ನೀರು ಚಿಮುಕಿಸುತ್ತಿದ್ದರು. ಹತ್ತಿ ಚೌಕಟ್ಟಿನ ಹಿಂದೆ ಒದ್ದೆ ಗೋಣಿಚೀಲ ತುರುಕಿತ್ತು. ಕೀಬೋರ್ಡಿನ ಮೇಜಿನ ಕೆಳಗೆ ಮರಳಿನ ಮಡಕೆ ಇತ್ತು.

“ಮಗ್ಗ ಓಯ್ತು ಅಂತ ಒಟ್ಟೆ ಉರೀತೈತಾ ಮಾವ?” ಎಂದಳು. “ನನ್ ಬಾಳು ಆಳು ಮಾಡಾಕೆ ಇಂಗೆ ಮಾಡ್ತಿದೀರಾ?”

ಅವರು ತಂಬಿಗೆ ಕೆಳಗಿಟ್ಟರು. ಮುಖದಲ್ಲಿ ಸಿಕ್ಕಿಬಿದ್ದ ಕಳ್ಳನ ಗಾಬರಿಯಿರಲಿಲ್ಲ. ಏನೂ ಅರ್ಥವಾಗದವರ ಗಾಬರಿಯಿತ್ತು.

“ಲೈಟ್ ಆಕಿ ಒಣಗ್ಸಿದ್ರಲ್ಲ, ಅವತ್ತೇ ನಿಂಗೆ ಕೆಮ್ಮಲು ಬಂತು. ಆಮ್ಯಾಕೆ ಪಟಪಟ ಅಂತೈತೆ ಅಂದೆ. ಎಳೆ ಪಟಪಟ ಅಂತ ಕಿತ್ತೋಗಾದು ಒಣಗಿದ್ರೇ ತಾನೇ? ಗಂಟ್ಲೂ ಅಂಗೇ ಅಂತ, ನೀನು ಅಂದಂಗೆಲ್ಲ ನಾನು ಇನ್ನೊಂದ್ ತಂಬಿಗೆ ಜಾಸ್ತಿ ಉಯ್ದೆ.”

ಒಂದು ತಿಂಗಳು ಅವಳು ಹಗಲು ಅಳುತ್ತಾ ಒಣಗಿಸಿದ್ದು, ಅವರು ನಸುಕಿನಲ್ಲಿ ಮರುಗುತ್ತಾ ನೆನೆಸಿದ್ದು. ಈರ ಆಗದು ಎಂದು ಮೇನಕಾ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು. ಆದರೆ ಒಂದು ಕೋಣೆಗೆ ತೇವ ಕೆಟ್ಟದ್ದು ಎಂಬುದನ್ನು ಐವತ್ತೆರಡು ವರ್ಷ ಮಗ್ಗದಲ್ಲಿ ಕೂತ ಮನುಷ್ಯ ಹೇಗೆ ನಂಬಬೇಕು? ಹುಡುಗಿಯರಿಗೆ ತಿಳಿಯದು ಎಂದುಕೊಂಡಿದ್ದರು.

“ಸರಿ ಮಾ,” ಎಂದರು. “ಇನ್ನು ನಾನು ಇಳಿಯಲ್ಲ.”

ಮಡಕೆಯನ್ನು ಅವರೇ ಮೇಲಕ್ಕೆ ಹೊತ್ತರು. ಕಲೈಸೆಲ್ವಿ ಗೋಡೆಗೆ ಒರಗಿ ನಿಂತುಕೊಂಡಳು, ಬೆನ್ನು ಒದ್ದೆಯಾಗುವಷ್ಟು ಹೊತ್ತು. ಆಡಿದ ಮಾತು ನೆನೆದು ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು.

ಒಂಬತ್ತು ದಿನಕ್ಕೆ ಕೋಣೆ ಒಣಗಿತು. ಹನ್ನೆರಡನೇ ತಾರೀಕು ಮಾದರಿ ಪಾಠ ಹೋಯಿತು, ತಿಂಗಳು ಮುಗಿಯುವುದರೊಳಗೆ ಕೆಲಸ ಬಂತು. ಓಣಿಯಲ್ಲಿ ಸಿಹಿ ಹಂಚಿದರು. ಪವರ್‌ಲೂಮಿನವನೂ ಎರಡು ಲಡ್ಡು ಹಲ್ಲುಕಿರಿದು ತಗೊಂಡ. ಮುತ್ತುಸ್ವಾಮಿ ಮಾತ್ರ ಹೇಳಿದಂತೆಯೇ ನಡೆದುಕೊಂಡರು. ಜಗುಲಿಯ ಮೇಲೆ ಕೂತು ಯಾರದೋ ಮನೆಯ ನೂಲು ಸುತ್ತಿಕೊಡುತ್ತಿದ್ದರು. ಕೆಳಗೆ ಬನ್ನಿ, ನಾನು ಓದುವುದನ್ನು ಕೇಳಿ ಎಂದು ಅವಳು ವಾರಕ್ಕೊಮ್ಮೆಯಾದರೂ ಕರೆಯುತ್ತಿದ್ದಳು. ನೂಲು ಐತಲ್ಲಮ್ಮ, ಆಮ್ಯಾಕೆ ನೋಡಾಣ ಎನ್ನುತ್ತಿದ್ದರು. ಅವರು ನಗುತ್ತಲೇ ಹೇಳುತ್ತಿದ್ದುದರಿಂದ ಅವಳಿಗೆ ಇನ್ನೂ ಕಷ್ಟವಾಗುತ್ತಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ, ಟೀ ಕೊಟ್ಟವಳು ಅಲ್ಲೇ ಜಗುಲಿಯ ಮೇಲೆ ಕೂತಳು.

“ಮಾವ, ಅವತ್ತು ನಾನು ಅಂಗೆ ಅಂದಿದ್ದು ತಪ್ಪು. ಮನ್ಸಲ್ಲಿ ಇಟ್ಕೊಂಡು ಕೆಳ್ಗೆ ಬರ್ದೇ ಇರ್ಬೇಡಿ.”

ಮುತ್ತುಸ್ವಾಮಿ ನೂಲು ಸುತ್ತುವುದನ್ನು ನಿಲ್ಲಿಸಿದರು. ಟೀ ಕುಡಿದು ಮುಗಿಸಿದರು.

“ತಪ್ಪು ಅಂತ ಯಾರಂದ್ರು? ಮೊದ್ಲ ದಿನ ನೀರು ಉಯ್ದಾಗ ನಿನ್ ಗಂಟ್ಲು ನಂಗೆ ನೆಪ್ಪಿಗೇ ಬರ್ಲಿಲ್ಲಮ್ಮ. ನಿನ್ ಕೆಲ್ಸ ಆಗ್ದಿದ್ರೆ ಮಗ್ಗ ತಿರ್ಗಾ ಇಳೀಬೋದು, ಅಲ್ಲೀವರ್ಗೂ ರೂಮು ಒಣಗ್ಬಾರ್ದು ಅಂತ್ಲೇ ಉಯ್ದೆ. ಕೆಮ್ಮಿದ್ದು ಆಮ್ಯಾಕೆ. ಆವಾಗ ನಿಂಗೋಸ್ಕರಾನೇ ಅಂತ ನಂಗೆ ನಾನೇ ಏಳ್ಕೊಂಡೆ.”

ಕ್ಷಮಿಸಿದೆ ಎಂಬ ಒಂದು ಮಾತಿಗಾಗಿ ಕೂತಿದ್ದಳು ಕಲೈಸೆಲ್ವಿ. ಅವಳಿಗೆ ಸಿಕ್ಕಿದ್ದು ಸತ್ಯ. ಅದನ್ನು ಹೇಳದೆಯೂ ಇರಬಹುದಿತ್ತು ಈ ಮನುಷ್ಯ; ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

“ಅದ್ಕೇ ಬರಲ್ವಾ ಮಾವ?”

“ಇಳಿದ್ರೆ ಕೈ ಸುಮ್ನಿರಲ್ಲ,” ಎಂದರು ಮುತ್ತುಸ್ವಾಮಿ. ಮತ್ತೆ ನೂಲು ಸುತ್ತತೊಡಗಿದರು.

ಹತ್ತು ಗಂಟೆಗೆ ಮೂರನೇ ತರಗತಿಯ ಪಾಠ ಓದಬೇಕಿತ್ತು. ಅವಳು ಖಾಲಿ ಲೋಟ ತೆಗೆದುಕೊಂಡು ಎದ್ದಳು. ಬನ್ನಿ ಎಂದು ಕರೆಯಲಿಲ್ಲ, ಆಮೇಲೆ ಎಂದೂ ಕರೆಯಲಿಲ್ಲ. ಮೆಟ್ಟಿಲಿಳಿದು ಎರಡೂ ಬಾಗಿಲುಗಳನ್ನು ಎಳೆದುಕೊಂಡಳು. ಮೈಕು ಸರಿಯಾಗಿಯೇ ಇತ್ತು. ಅವತ್ತು ಪಾಠದ ಮೊದಲ ಸಾಲನ್ನೇ ಐದು ಸಲ ಓದಬೇಕಾಯಿತು.